ದೋಷಶೋಧನೆಯೂ ಒಂದು ವಿದ್ಯೆ

ಗಣಕಯಂತ್ರವು ಇಂದು ಪಟ್ಟಣದ ವೈಭವವಾಗಿ ಉಳಿದಿಲ್ಲ. ಹನೂರು ತಾಲ್ಲೂಕಿನ ಒಡೆಯರಪಾಳ್ಯದಂತಹ, ಕಾಡಿನ ಅಂಚಿನಲ್ಲಿರುವ ಊರಿನ ಮಕ್ಕಳೂ ಅದನ್ನು ಕಂಡಿದ್ದಾರೆ, ಮುಟ್ಟಿದ್ದಾರೆ; ಮುಂದೆ ಅದರಿಂದಲೇ ಜೀವನೋಪಾಯವನ್ನು ಕಂಡುಕೊಳ್ಳುವವರೂ ಅವರಲ್ಲಿ ಇರುತ್ತಾರೆ. ಇದು ಸಂತೋಷದ ವಿಷಯ. ಆದರೆ ಗಣಕಶಿಕ್ಷಣದ ಹೆಸರಿನಲ್ಲಿ ಬಹುತೇಕ ಕಡೆ ನಡೆಯುತ್ತಿರುವುದೇನೆಂಬುದನ್ನು ಪರಿಶೀಲಿಸಿದರೆ ಈ ಸಂತೋಷವು ಅರ್ಧಕ್ಕೆ ಇಳಿಯುತ್ತದೆ. ಯಂತ್ರದ ಭಾಗಗಳ ಹೆಸರನ್ನು ಕಂಠಪಾಠ ಮಾಡುವುದು, ಕಪ್ಪು ಹಲಗೆಯ ಮೇಲೆ ಬರೆದ ಕ್ರಮವಿಧಿಯನ್ನು ಅಕ್ಷರವೂ ತಪ್ಪದಂತೆ ನಕಲು ಮಾಡುವುದು, ಅದು ನಡೆದರೆ ಅಂಕ ಪಡೆಯುವುದು, ನಡೆಯದಿದ್ದರೆ ಪಕ್ಕದವನ ಪುಸ್ತಕವನ್ನು ನೋಡಿ ತಿದ್ದಿಕೊಳ್ಳುವುದು. ಏಕೆ ನಡೆಯಲಿಲ್ಲ ಎಂಬ ಪ್ರಶ್ನೆಗೆ ತರಗತಿಯಲ್ಲಿ ಅವಕಾಶವೂ ಇಲ್ಲ, ಪರೀಕ್ಷೆಯಲ್ಲಿ ಅಂಕವೂ ಇಲ್ಲ. ಕ್ರಮವಿಧಿ ರಚನೆಯೆಂಬ ಕಾಯಕದ ಬಹುಪಾಲು ಇರುವುದೇ ಈ ಪ್ರಶ್ನೆಯಲ್ಲಿ ಎಂಬುದನ್ನು ಶಿಕ್ಷಣಕ್ರಮವು ಮರೆತಿದೆ.

ಈ ಕ್ಷೇತ್ರದ ಹಿರಿಯರು ಇದನ್ನು ಆರಂಭದಲ್ಲಿಯೇ ಅರಿತಿದ್ದರು. ಕೇಂಬ್ರಿಜ್‌ನ ಮಾರಿಸ್ ವಿಲ್ಕ್ಸ್ ಅವರು 1949ರಲ್ಲಿ ತಮ್ಮ ಎಡ್ಸ್ಯಾಕ್ ಯಂತ್ರಕ್ಕೆ ಕ್ರಮವಿಧಿಗಳನ್ನು ಬರೆಯಲು ತೊಡಗಿದಾಗ, ಇನ್ನುಳಿದ ಬಾಳಿನ ಬಹುಭಾಗವು ಸ್ವಂತ ತಪ್ಪುಗಳನ್ನು ಹುಡುಕುವುದರಲ್ಲಿಯೇ ಕಳೆಯಲಿದೆ ಎಂಬ ಸತ್ಯವು ಅವರಿಗೆ ಹೊಳೆಯಿತು. ಇದನ್ನು ಅವರೇ ತಮ್ಮ ನೆನಪುಗಳಲ್ಲಿ ದಾಖಲಿಸಿದ್ದಾರೆ. ಅದಕ್ಕೂ ಎರಡು ವರ್ಷ ಮೊದಲು, 1947ರಲ್ಲಿ, ಹಾರ್ವರ್ಡ್‌ನ ಯಂತ್ರವೊಂದರಲ್ಲಿ ಸಿಕ್ಕಿಕೊಂಡಿದ್ದ ಪತಂಗವನ್ನು ಕೆಲಸಗಾರರು ತೆಗೆದು ದಿನಚರಿಯ ಪುಟಕ್ಕೆ ಅಂಟಿಸಿದರು. ದೋಷಕ್ಕೆ ‘ಕೀಟ’ವೆಂಬ ಹೆಸರು ಅದಕ್ಕೂ ಹಿಂದಿನದೇ ಆದರೂ, ಈ ಪ್ರಸಂಗದಲ್ಲಿ ಕಲಿಯಬೇಕಾದ ಪಾಠ ಬೇರೆಯಿದೆ. ಅವರು ದೋಷವನ್ನು ಮುಚ್ಚಿಡಲಿಲ್ಲ. ಸಮಯ ಸಹಿತ ಬರೆದಿಟ್ಟರು.

ವಿಂಡೋಸ್ ಎಂಬ ವ್ಯವಸ್ಥೆಯು 1985ರಲ್ಲಿ ಹೊರಬಂದಿತು. ಅದರಲ್ಲಿ ನಡೆಯುವ ಅನ್ವಯಗಳನ್ನು ರಚಿಸುವವರಿಗೆ ಎದುರಾಗುವ ತೊಡಕುಗಳು ಅಸಂಖ್ಯವಾಗಿ ತೋರಿದರೂ ಮೂಲಕಾರಣಗಳು ಕೆಲವೇ. ಮೊದಲನೆಯದಾಗಿ, ಕಿಟಕಿಯು ಕಲ್ಲಾಗಿ ನಿಲ್ಲುವುದು. ಗುಂಡಿಯನ್ನು ಒತ್ತಿದೊಡನೆ ಪರದೆಯು ಮಂಕಾಗಿ, ಅನ್ವಯವು ಪ್ರತಿಕ್ರಿಯಿಸುತ್ತಿಲ್ಲವೆಂಬ ಸೂಚನೆ ಬರುತ್ತದೆ. ಯಂತ್ರ ಕೆಟ್ಟಿತೆಂದು ವಿದ್ಯಾರ್ಥಿಯು ಹೆದರುತ್ತಾನೆ. ವಾಸ್ತವವಾಗಿ ಕಿಟಕಿಯನ್ನು ರಚಿಸಿದ ಎಳೆಗೆ ಸಂದೇಶಗಳ ಒಂದು ಸಾಲು ಇರುತ್ತದೆ. ಒತ್ತಿದ ಕೀಲಿ, ಸರಿಸಿದ ಮೌಸು, ಮತ್ತೆ ಬಣ್ಣ ಬಳಿಯೆಂಬ ಆಜ್ಞೆ, ಎಲ್ಲವೂ ಆ ಸಾಲಿನಲ್ಲಿ ನಿಂತು ಒಂದೊಂದಾಗಿ ವಿಚಾರಿಸಲ್ಪಡುತ್ತವೆ. ಬಾಗಿಲಲ್ಲಿ ಬಂದವರನ್ನು ಮಾತನಾಡಿಸಬೇಕಾದವನನ್ನೇ ದೂರದ ಹಳ್ಳದಿಂದ ನೀರು ತರಲು ಕಳುಹಿಸಿದರೆ ಬಾಗಿಲಲ್ಲಿ ಜನ ಕಾಯುತ್ತ ನಿಲ್ಲುವಂತೆ, ದೀರ್ಘವಾದ ಲೆಕ್ಕವನ್ನು ಅದೇ ಎಳೆಯಲ್ಲಿ ನಡೆಸಿದರೆ ಸಂದೇಶಗಳು ಕಾಯುತ್ತವೆ. 5 ಸೆಕೆಂಡುಗಳವರೆಗೆ ಯಾರೂ ವಿಚಾರಿಸದಿದ್ದರೆ ವಿಂಡೋಸ್ ಆ ಕಿಟಕಿಯನ್ನು ಸ್ತಬ್ಧವೆಂದು ಎಣಿಸುತ್ತದೆ. ನೀರು ತರುವ ಕೆಲಸಕ್ಕೆ ಇನ್ನೊಬ್ಬನನ್ನು ನೇಮಿಸುವುದು, ಎಂದರೆ ಬೇರೊಂದು ಎಳೆಗೆ ಒಪ್ಪಿಸುವುದು ಇದಕ್ಕೆ ಪರಿಹಾರ. ಆದರೆ ಆ ಎರಡನೆಯವನು ಬಾಗಿಲಿನವನ ಪುಸ್ತಕದಲ್ಲಿ ತಾನೇ ಬರೆಯತೊಡಗಿದರೆ ಮತ್ತೊಂದು ದೋಷ ಹುಟ್ಟುತ್ತದೆ. ಅವನು ಫಲಿತವನ್ನು ಸಂದೇಶವಾಗಿ ಒಪ್ಪಿಸಬೇಕು. ಬರೆಯುವವನು ಬಾಗಿಲಿನವನೇ ಆಗಿರಬೇಕು.

ಎರಡನೆಯದು, ಇಲ್ಲಿ ನಡೆದದ್ದು ಅಲ್ಲಿ ನಡೆಯದಿರುವುದು. ಶಾಲೆಯ ಯಂತ್ರದಲ್ಲಿ ಸೊಗಸಾಗಿ ನಡೆದ ಕ್ರಮವಿಧಿಯು ಬೇರೆಡೆ ತೆರೆಯುವುದೇ ಇಲ್ಲ. ರಚಿಸಿದವನ ಯಂತ್ರದಲ್ಲಿ ಮೊದಲೇ ಇದ್ದ ಸಹಾಯಕ ಗ್ರಂಥಾಲಯಗಳು ಅಲ್ಲಿ ಇಲ್ಲದಿರಬಹುದು. ಕಡತದ ಹಾದಿಯನ್ನು ತನ್ನ ಯಂತ್ರದ ವಿಳಾಸದಲ್ಲಿಯೇ ಬರೆದಿರಬಹುದು. ಅನ್ವಯಗಳನ್ನು ಸ್ಥಾಪಿಸುವ ರಕ್ಷಿತ ಕೋಶದಲ್ಲಿ ದಿನದ ಲೆಕ್ಕವನ್ನು ಬರೆಯಲು ಹೋಗಿ ಅನುಮತಿ ದೊರೆಯದಿರಬಹುದು. ತನ್ನ ಅಡುಗೆಮನೆಯಲ್ಲಿ ಕತ್ತಲೆಯಲ್ಲಿಯೂ ಉಪ್ಪಿನ ಮಡಕೆಗೆ ಕೈಹಾಕಬಲ್ಲವಳು ನೆಂಟರ ಮನೆಯಲ್ಲಿ ದೀಪ ಹಚ್ಚಿಯೂ ಹುಡುಕಬೇಕಾಗುತ್ತದೆ. ಇಲ್ಲಿರುವ ಕೊರತೆ ಜಾಣ್ಮೆಯದಲ್ಲ, ತನಗೆ ತಿಳಿಯದೆಯೇ ಇಟ್ಟುಕೊಂಡ ನಂಬಿಕೆಯದು.

ಮೂರನೆಯದು ಕನ್ನಡದ ತೊಡಕು. ಈ ಲೇಖನದ ಮುಖ್ಯ ವಿಷಯವೂ ಇದೇ. ಕನ್ನಡವನ್ನು ತೋರಿಸಬೇಕಾದ ಅನ್ವಯದಲ್ಲಿ ಅಕ್ಷರಗಳ ಬದಲು ಬೇರೇನೋ ಕಾಣಿಸಿಕೊಂಡಾಗ, ‘ಗಣಕಕ್ಕೆ ಕನ್ನಡ ಒಗ್ಗುವುದಿಲ್ಲ’ ಎಂಬ ತೀರ್ಪು ಸುಲಭವಾಗಿ ಹೊರಬೀಳುತ್ತದೆ. ಆದರೆ ಜ್ವರವೆಲ್ಲ ಒಂದೇ ಅಲ್ಲವೆಂಬುದನ್ನು ಬಲ್ಲ ವೈದ್ಯನು ಮೊದಲು ಲಕ್ಷಣವನ್ನು ನೋಡುತ್ತಾನೆ. ಇಲ್ಲಿಯೂ ಲಕ್ಷಣಗಳು ಮೂರು. ಅಕ್ಷರಗಳ ಜಾಗದಲ್ಲಿ ಚೌಕಗಳು ಕಂಡರೆ ಪಠ್ಯವು ಸುರಕ್ಷಿತವಾಗಿದೆ. ಅದನ್ನು ತೋರಿಸುವ ಅಕ್ಷರಶೈಲಿ ಮಾತ್ರ ಇಲ್ಲ. ಪ್ರಶ್ನಾರ್ಥಕ ಚಿಹ್ನೆಗಳ ಸಾಲು ಕಂಡರೆ ಹಾನಿ ಆಗಿಹೋಗಿರುವ ಸಂಭವ ಹೆಚ್ಚು. ವಿಂಡೋಸ್‌ನ ಹಳೆಯ ಆನ್ಸಿ ಕ್ರಮದಲ್ಲಿ ಕನ್ನಡಕ್ಕೆ ಸ್ಥಾನವಿಲ್ಲವಾದುದರಿಂದ, ಯೂನಿಕೋಡ್ ಪಠ್ಯವನ್ನು ಆ ಇಕ್ಕಟ್ಟಿನ ಹಾದಿಯಲ್ಲಿ ಸಾಗಿಸಿದ ಕೂಡಲೇ ಪ್ರತಿಯೊಂದು ಸಂಕೇತವೂ ಪ್ರಶ್ನಾರ್ಥಕವಾಗಿ ಬಿಡುತ್ತದೆ. ಹಾಗೆಯೇ ಉಳಿಸಿಟ್ಟರೆ ಮೂಲವು ಮತ್ತೆ ದೊರೆಯುವುದಿಲ್ಲ. ಅರ್ಥವಿಲ್ಲದ ರೋಮನ್ ಅಕ್ಷರಗಳು ಕಂಡರೆ ಅದು ಹಳೆಯ ಕಾಲದ ಕಡತ. ಆಗ ಕನ್ನಡದ ಆಕೃತಿಗಳನ್ನು ರೋಮನ್ ಅಕ್ಷರಗಳ ಮನೆಗಳಲ್ಲಿ ಕೂರಿಸಿದ್ದುದರಿಂದ, ಆ ಅಕ್ಷರಶೈಲಿ ಇಲ್ಲದೆಡೆ ಮನೆಯ ಮೂಲ ಒಡೆಯನೇ ಮುಖ ತೋರಿಸುತ್ತಾನೆ. ಮೊದಲನೆಯದಕ್ಕೆ ಅಕ್ಷರಶೈಲಿ, ಎರಡನೆಯದಕ್ಕೆ ಕ್ರಮವಿಧಿಯ ತಿದ್ದುಪಡಿ, ಮೂರನೆಯದಕ್ಕೆ ಪರಿವರ್ತನೆ ಮದ್ದು. ಒಂದರ ಮದ್ದು ಇನ್ನೊಂದಕ್ಕೆ ಸಲ್ಲದು.

ಹಳೆಯ ಕ್ರಮವನ್ನು ಕಟ್ಟಿದವರನ್ನು ಹಳಿಯುವುದು ಸಲ್ಲ. ಕೆ.ಪಿ. ರಾವ್ ಅವರು ಕೀಲಿಮಣೆಯ ವಿನ್ಯಾಸವನ್ನು ರೂಪಿಸಿದರು. ಶೇಷಾದ್ರಿವಾಸು ಅವರ ‘ಬರಹ’ 1998ರಲ್ಲಿ ಬಂದಿತು. ಕನ್ನಡ ಗಣಕ ಪರಿಷತ್ತಿನ ‘ನುಡಿ’ ಸರ್ಕಾರಿ ಕಚೇರಿಗಳಲ್ಲಿ ನೆಲೆಸಿತು. ವಿಂಡೋಸ್ ತಾನಾಗಿ ಕನ್ನಡವನ್ನು ತೋರಿಸತೊಡಗಿದ್ದು 2001ರ ಎಕ್ಸ್‌ಪಿ ಆವೃತ್ತಿಯಲ್ಲಿ, ತುಂಗಾ ಎಂಬ ಅಕ್ಷರಶೈಲಿಯೊಡನೆ. ಅದುವರೆಗೆ ಕಾಯುತ್ತ ಕೂರದೆ ಕನ್ನಡವನ್ನು ಯಂತ್ರಕ್ಕೆ ತಂದವರಿಗೆ ನಾಡು ಋಣಿಯಾಗಿದೆ. ಆದರೆ ಆ ಕಾಲದ ಪಠ್ಯರಾಶಿಯು ಇಂದು ಹುಡುಕಲು ಸಿಗದ ಸ್ಥಿತಿಯಲ್ಲಿದೆಯೆಂಬುದನ್ನೂ ಮರೆಯಲಾಗದು.

ಕಣ್ಣಿಗೆ ಕಾಣದ ದೋಷಗಳು ಇನ್ನೂ ಅಪಾಯಕರ. ‘ಮಹದೇಶ್ವರ’ ಎಂಬ ಹೆಸರನ್ನು ತೆಗೆದುಕೊಳ್ಳಿ. ಬಾಯಿಗೂ ಕಣ್ಣಿಗೂ ಅದರಲ್ಲಿ 5 ಅಕ್ಷರಗಳು. ಯೂನಿಕೋಡ್‌ನಲ್ಲಿ ಏತ್ವಕ್ಕೆ ಒಂದು, ಶ್ವ ಎಂಬ ಸಂಯುಕ್ತಾಕ್ಷರದ ಶಕಾರಕ್ಕೆ, ಹಲಂತಕ್ಕೆ, ವಕಾರಕ್ಕೆ ಬೇರೆ ಬೇರೆ ಸಂಕೇತಗಳಿರುವುದರಿಂದ ಒಟ್ಟು 8; ಅದನ್ನೇ ಯುಟಿಎಫ್-8 ಕ್ರಮದಲ್ಲಿ ಉಳಿಸಿದರೆ 24 ಬೈಟುಗಳು. ಐದು ಅಕ್ಷರಕ್ಕೆ ಐದು ಸ್ಥಾನ ಸಾಕೆಂದು ಭಾವಿಸಿದ ಕ್ರಮವಿಧಿಯು ಈ ಹೆಸರನ್ನು ಮೊಟಕುಗೊಳಿಸಿದಾಗ ಉಳಿಯುವುದು ‘ಮಹದೇಶ’. ಮಾದಪ್ಪನ ಬೆಟ್ಟದ ಸೀಮೆಯಲ್ಲಿ ಈ ಎರಡೂ ಹೆಸರುಗಳ ಹುಡುಗರು ಒಂದೇ ತರಗತಿಯಲ್ಲಿ ಕುಳಿತಿರುವುದು ಅಪರೂಪವಲ್ಲ. ಯಂತ್ರವು ಎಚ್ಚರಿಕೆ ನೀಡುವುದಿಲ್ಲ; ಅಚ್ಚಾದ ಪತ್ರವೂ ಅಂದವಾಗಿಯೇ ಇರುತ್ತದೆ. ಒಬ್ಬನ ಪ್ರಮಾಣಪತ್ರ ಮಾತ್ರ ಇನ್ನೊಬ್ಬನ ಹೆಸರಿನಲ್ಲಿರುತ್ತದೆ. ಹಾಗೆಯೇ, ‘ಕೋ’ ಎಂಬ ಅಕ್ಷರದ ಓತ್ವವನ್ನು ಒಂದೇ ಸಂಕೇತವಾಗಿಯೂ ಬರೆಯಬಹುದು, ಬಿಡಿಸಿ ಮೂರು ಸಂಕೇತಗಳಾಗಿಯೂ ಬರೆಯಬಹುದು. ನೋಟಕ್ಕೆ ಎರಡೂ ಒಂದೇ. ಸಾಮಾನ್ಯೀಕರಣ ಮಾಡದೆ ಹೋಲಿಸುವ ಕ್ರಮವಿಧಿಗೆ ಬೇರೆ ಬೇರೆ. ಇನ್ನು ಸಂಕೇತಗಳ ಅಂಕಿಯನ್ನೇ ನಂಬಿ ಹೆಸರುಗಳನ್ನು ಜೋಡಿಸಿದರೆ, ವರ್ಣಮಾಲೆಯ ಕೊನೆಯಲ್ಲಿರಬೇಕಾದ ಳಕಾರವು ವಕಾರಕ್ಕಿಂತ ಮೊದಲು ಬಂದು ಕುಳಿತುಕೊಳ್ಳುತ್ತದೆ.

ಒಡೆಯರಪಾಳ್ಯದ ಮಕ್ಕಳಿಗೆ ಈ ವಿಷಯದಲ್ಲಿ ಪಟ್ಟಣದವರಿಗಿಲ್ಲದ ಒಂದು ಅನುಕೂಲವಿದೆ. 1970ರ ದಶಕದಿಂದ ಇಲ್ಲಿ ನೆಲೆಸಿರುವ ಟಿಬೆಟನ್ನರ ಲಿಪಿಯೂ ಕನ್ನಡದಂತೆಯೇ ಬ್ರಾಹ್ಮಿಯ ಸಂತತಿ; ಅದರಲ್ಲಿಯೂ ವ್ಯಂಜನದ ಕೆಳಗೆ ವ್ಯಂಜನವು ಒತ್ತಾಗಿ ಕೂರುತ್ತದೆ. ಆದರೂ ಯೂನಿಕೋಡ್ ಈ ಎರಡಕ್ಕೆ ಹಿಡಿದಿರುವ ದಾರಿ ಬೇರೆ. ಕನ್ನಡದಲ್ಲಿ ಹಲಂತದ ನಂತರ ಬಂದ ವ್ಯಂಜನವೇ ಒತ್ತಾಗುತ್ತದೆ. ಟಿಬೆಟನ್ ಲಿಪಿಯನ್ನು 1991ರಲ್ಲಿ ಭಾರತೀಯ ಲಿಪಿಗಳ ಮಾದರಿಯಲ್ಲಿಯೇ ಸೇರಿಸಿ, ಅದು ಸರಿಹೊಂದದೆ ಕೈಬಿಟ್ಟು, 1996ರ ಆವೃತ್ತಿಯಲ್ಲಿ ಒತ್ತುಗಳಿಗೆ ಪ್ರತ್ಯೇಕ ಸಂಕೇತಗಳನ್ನು ಕೊಟ್ಟು ಮರಳಿ ಸೇರಿಸಲಾಯಿತು. ಜಗತ್ತಿನ ಪಂಡಿತರ ಸಮಿತಿಯೂ ತಪ್ಪನ್ನು ಒಪ್ಪಿ ತಿದ್ದಿಕೊಂಡಿತೆಂಬುದಕ್ಕೆ ಇದಕ್ಕಿಂತ ಹತ್ತಿರದ ಉದಾಹರಣೆ ಬೇಕಿಲ್ಲ. ಅಕ್ಕಪಕ್ಕದ ಬೆಂಚಿನ ಇಬ್ಬರು ಮಕ್ಕಳು ತಮ್ಮ ತಮ್ಮ ಹೆಸರಿನ ಸಂಕೇತಗಳನ್ನು ಎಣಿಸಿ ಹೋಲಿಸಿದರೆ, ಪುಸ್ತಕದ ಹತ್ತು ಪುಟಗಳು ಕಲಿಸದುದನ್ನು ಕಲಿಯುತ್ತಾರೆ.

ಇಷ್ಟೆಲ್ಲ ಕಷ್ಟವೇಕೆ, ಇಂಗ್ಲಿಷಿನಲ್ಲಿಯೇ ಕಲಿತರೆ ಈ ದೋಷಗಳೇ ಇರುವುದಿಲ್ಲವಲ್ಲ ಎಂದು ಕೆಲವರು ವಾದಿಸುತ್ತಾರೆ. ಇಂಗ್ಲಿಷನ್ನು ಕಲಿಯಬೇಕೆಂಬುದರಲ್ಲಿ ಸಂದೇಹವಿಲ್ಲ. ಆದರೆ ಕ್ರಮವಿಧಿಯನ್ನು ಬಳಸುವ ಹಾಲಿನ ಡೈರಿಯವರು, ಸಹಕಾರ ಸಂಘದ ಸದಸ್ಯರು, ಪಂಚಾಯಿತಿಗೆ ಬರುವ ಮುದುಕಿ ಇಂಗ್ಲಿಷಿಗೆ ಬದಲಾಗುವುದಿಲ್ಲ. ಕೊಳ್ಳೇಗಾಲ ಸೀಮೆಯು 1956ರವರೆಗೆ ಕೊಯಮತ್ತೂರು ಜಿಲ್ಲೆಗೆ ಸೇರಿದ್ದು, ಮನೆಯ ಭಾಷೆ ಒಂದು, ಜಿಲ್ಲಾ ಕಚೇರಿಯ ಭಾಷೆ ಇನ್ನೊಂದು ಆಗಿದ್ದ ದಿನಗಳನ್ನು ಹಿರಿಯರು ಕಂಡಿದ್ದಾರೆ. ಅರ್ಜಿ ಕನ್ನಡದಲ್ಲಿ ನಡೆಯದಿದ್ದಾಗ ಸಾಮಾನ್ಯನು ಮಧ್ಯವರ್ತಿಯ ಕೈಗೆ ಬೀಳುತ್ತಾನೆ. ಗಣಕದಲ್ಲಿ ಕನ್ನಡ ನಡೆಯದಿದ್ದರೆ ಆಗುವುದೂ ಅದೇ.

ಇನ್ನು ಕೆಲವರು, ಇಂದು ಕ್ರಮವಿಧಿಯನ್ನು ಯಂತ್ರವೇ ಬರೆಯುತ್ತದೆ, ದೋಷವನ್ನೂ ಅದೇ ತಿದ್ದುತ್ತದೆ, ಮಕ್ಕಳಿಗೆ ಈ ಶ್ರಮ ವ್ಯರ್ಥ ಎನ್ನುತ್ತಾರೆ. ಈ ವಾದವನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಅನೇಕ ಸಣ್ಣ ದೋಷಗಳನ್ನು ಯಂತ್ರವು ಕ್ಷಣಮಾತ್ರದಲ್ಲಿ ತೋರಿಸಿಕೊಡುವುದು ನಿಜ. ಆದರೆ ‘ಮಹದೇಶ’ ಎಂಬುದು ತಪ್ಪೆಂದು ಯಂತ್ರಕ್ಕೆ ಹೇಳುವವರು ಯಾರು? ಆ ಹೆಸರಿನ ಹುಡುಗನನ್ನು ಬಲ್ಲವರೇ ಹೇಳಬೇಕು. ಉತ್ತರಗಳು ಸುಲಭವಾಗಿ ಸಿಗುವ ಕಾಲದಲ್ಲಿ ಉತ್ತರವನ್ನು ಒರೆಗೆ ಹಚ್ಚುವ ಶಕ್ತಿಯ ಬೆಲೆ ಹೆಚ್ಚುತ್ತದೆಯೇ ಹೊರತು ಕಡಿಮೆಯಾಗುವುದಿಲ್ಲ.

ಒರೆಗೆ ಹಚ್ಚುವ ಕ್ರಮವಾದರೂ ಶರಣಸಂಪ್ರದಾಯಕ್ಕೆ ಅಪರಿಚಿತವಾದುದಲ್ಲ. ಆಯ್ದಕ್ಕಿ ಮಾರಯ್ಯನು ಒಂದು ದಿನ ಎಂದಿಗಿಂತ ಹೆಚ್ಚಿನ ಅಕ್ಕಿಯನ್ನು ತಂದಾಗ ಲಕ್ಕಮ್ಮನು ಅದನ್ನು ಕಂಡೊಡನೆ ಗುರುತಿಸಿ, ಹಿಂದಿರುಗಿಸಿ ಬರುವಂತೆ ಹೇಳಿದ ಕಥೆಯನ್ನು ಎಲ್ಲರೂ ಬಲ್ಲರು. ಅದರ ಧರ್ಮಾರ್ಥವು ಪ್ರಸಿದ್ಧವಾಗಿದೆ. ಅದರಲ್ಲಿ ಒಂದು ವಿಧಾನವೂ ಅಡಗಿದೆ. ಬರಬೇಕಾದುದು ಎಷ್ಟೆಂಬುದು ಅವಳಿಗೆ ಮೊದಲೇ ತಿಳಿದಿತ್ತು. ಬಂದುದನ್ನು ಅದರೊಡನೆ ಹೋಲಿಸಿದಳು. ಹೆಚ್ಚು ಬಂದುದನ್ನು ಭಾಗ್ಯವೆಂದು ಸ್ವೀಕರಿಸದೆ ತಪ್ಪೆಂದು ಕಂಡಳು. ಅದು ಬಂದ ಜಾಗಕ್ಕೇ ಹಿಂದಿರುಗಿಸಿದಳು. ದೋಷಶೋಧಕನು ಮಾಡಬೇಕಾದುದೂ ಇಷ್ಟೇ. ದೋಷವು ಮತ್ತೆ ಮತ್ತೆ ತೋರುವಂತೆ ಅದರ ಸನ್ನಿವೇಶವನ್ನು ನಿಶ್ಚಯಿಸಿಕೊಳ್ಳಬೇಕು. ಒಂದು ಬಾರಿಗೆ ಒಂದನ್ನು ಮಾತ್ರ ಬದಲಿಸಬೇಕು. ಕ್ರಮವಿಧಿಯನ್ನು ಅರ್ಧರ್ಧವಾಗಿ ಮುಚ್ಚುತ್ತ ದೋಷವು ಯಾವ ಅರ್ಧದಲ್ಲಿದೆಯೆಂದು ನೋಡಬೇಕು. ತೋರುವ ಜಾಗದಲ್ಲಿ ತೇಪೆ ಹಾಕದೆ ಹುಟ್ಟಿದ ಜಾಗದಲ್ಲಿ ತಿದ್ದಬೇಕು. ಫ.ಗು. ಹಳಕಟ್ಟಿಯವರು ಹಳ್ಳಿಹಳ್ಳಿಗಳಿಂದ ತಾಳೆಗರಿಗಳನ್ನು ತಂದು, 1923ರಲ್ಲಿ ‘ವಚನಶಾಸ್ತ್ರಸಾರ’ವನ್ನು ಬೆಳಕಿಗೆ ತಂದುದು ಇಂತಹ ತಾಳ್ಮೆಯಿಂದಲೇ.

ಆದುದರಿಂದ ಮಠಗಳ ವಿದ್ಯಾಸಂಸ್ಥೆಗಳು ಎರಡು ಕಾರ್ಯಗಳನ್ನು ಕೈಗೊಳ್ಳಬಹುದು; ಎರಡಕ್ಕೂ ಹಣ ಹೆಚ್ಚು ಬೇಕಾಗಿಲ್ಲ. ಒಂದು, ಪ್ರತಿ ವಿದ್ಯಾರ್ಥಿಯೂ ಕನ್ನಡದಲ್ಲಿ ಒಂದು ದೋಷಪುಸ್ತಕವನ್ನು ಇಡಬೇಕು. ಏನನ್ನು ನಿರೀಕ್ಷಿಸಿದ್ದು, ಏನು ಕಂಡಿತು, ಕಾರಣವೇನೆಂದು ಊಹಿಸಿದ್ದು, ಊಹೆ ನಿಜವಾಯಿತೇ ಎಂಬ ನಾಲ್ಕು ಸಾಲುಗಳು ಸಾಕು. ಇಂಗ್ಲಿಷಿನಲ್ಲಿ ಬರುವ ದೋಷಸೂಚನೆಯನ್ನು ತನ್ನ ಮಾತಿನಲ್ಲಿ ಬರೆಯಲಾರದವನಿಗೆ ಅದು ಅರ್ಥವಾಗಿಲ್ಲವೆಂದೇ ತಿಳಿಯಬೇಕು. ನಡೆದ ಕ್ರಮವಿಧಿಗೆ ಕೊಡುವಷ್ಟೇ ಅಂಕವನ್ನು ಈ ಪುಸ್ತಕಕ್ಕೂ ಕೊಡಬೇಕು. ಎರಡು, ಶಾಲೆಗಳ ಹಳೆಯ ಸ್ಮರಣ ಸಂಚಿಕೆಗಳು, ದಾಖಲೆಗಳು, ಪ್ರವಚನಗಳ ಬರಹಗಳು ಹಳೆಯ ಅಕ್ಷರಶೈಲಿಗಳಲ್ಲಿ ಎಲ್ಲಿ ಉಳಿದಿವೆಯೋ ಅವುಗಳನ್ನು ಯೂನಿಕೋಡ್‌ಗೆ ಪರಿವರ್ತಿಸುವ ಹೊಣೆಯನ್ನು ಹಿರಿಯ ತರಗತಿಗಳಿಗೆ ವಹಿಸಬೇಕು. ಪರಿವರ್ತಕವು ತಪ್ಪಿದ ಪ್ರತಿಯೊಂದು ಅರ್ಕಾವೊತ್ತೂ ಒಂದು ಪಾಠವಾಗುತ್ತದೆ. ಮುಗಿದಾಗ ಊರಿನ ನೆನಪು ಉಳಿದಿರುತ್ತದೆ.

ತಪ್ಪು ಮಾಡಿದ ಮಗುವಿಗೆ ಪೆಟ್ಟು ಕೊಟ್ಟ ಕಾಲ ಹೋಯಿತು. ತಪ್ಪನ್ನು ಅಳಿಸಿ ಹಾಕಿ ಮುಂದೆ ಸಾಗೆನ್ನುವ ಕಾಲ ನಡೆದಿದೆ. ತಪ್ಪಿನ ಬಳಿ ಸ್ವಲ್ಪ ಹೊತ್ತು ಕುಳಿತು ಅದನ್ನು ವಿಚಾರಿಸುವ ಕಾಲ ಬರಬೇಕಾಗಿದೆ. ಅಂತಹ ವಿಚಾರಕ್ಕೆ ಪಳಗಿದ ಮಗು ಮುಂದೆ ಗಣಕದ ಮುಂದೆ ಕೂರಲಿ, ಹೊಲದಲ್ಲಿ ನಿಲ್ಲಲಿ, ಕಚೇರಿಯ ಮೇಜಿನ ಹಿಂದಿರಲಿ, ತನ್ನ ಭಾಷೆಯನ್ನಾಗಲಿ ತನ್ನನ್ನಾಗಲಿ ದೂರದೆ, ದೋಷವಿರುವ ಕಡೆಗೆ ನೇರವಾಗಿ ಕೈಯಿಡುವುದು. ಅರಿವು ಆಚಾರವಾಗುವುದೆಂದರೆ ಇದೇ.