ವಿಡಿಯೋ ವಾಪಸ್ ಬಂತು, ಪ್ರಶ್ನೆ ಅಲ್ಲೇ ಉಳಿಯಿತು

2025ರ ಜನವರಿಯಲ್ಲಿ ಡೊನಾಲ್ಡ್ ಟ್ರಂಪ್ ಮತ್ತೆ ಅಧ್ಯಕ್ಷರಾದ ಬೆನ್ನಲ್ಲೇ ಅಮೆರಿಕದ ವಾಯುಪಡೆ, ಹೊಸದಾಗಿ ಸೇರಿದವರಿಗೆ ತೋರಿಸುತ್ತಿದ್ದ ಕೆಲವು ವಿಡಿಯೋಗಳನ್ನು ತೆಗೆದುಹಾಕಿತು. ಎರಡನೇ ಮಹಾಯುದ್ಧದ ಕಪ್ಪು ಪೈಲಟ್‌ಗಳಾದ ‘ಟಸ್ಕೀಗಿ ಏರ್‌ಮೆನ್’ ಕತೆ ಅದರಲ್ಲಿತ್ತು. ವೈವಿಧ್ಯತೆಯ ಕಾರ್ಯಕ್ರಮಗಳನ್ನು ನಿಲ್ಲಿಸಿ ಎಂಬ ಆದೇಶವೇ ಇದಕ್ಕೆ ಕಾರಣ. ಗದ್ದಲವಾಯಿತು, ಕೆಲವೇ ದಿನಗಳಲ್ಲಿ ವಿಡಿಯೋ ವಾಪಸ್ ಬಂತು. ಅಲ್ಲಿಗೆ ಮುಗಿಯಿತು ಅಂತ ನನಗನ್ನಿಸುವುದಿಲ್ಲ.

ಯಾಕೆ ಅಂತ ತಿಳಿಯಲು ಅಲಬಾಮಾದ ಮೋಟನ್ ಫೀಲ್ಡ್‌ಗೆ ಹೋಗಬೇಕು. ಈ ಪೈಲಟ್‌ಗಳಿಗೆ ಹಾರಾಟದ ಮೊದಲ ಪಾಠ ಕಲಿಸಿದ ವಿಮಾನ ಮೈದಾನ ಅದು. ಕಪ್ಪು ಜನರಿಗೇ ಪ್ರತ್ಯೇಕ ಮೈದಾನ ಯಾಕೆ? ಬಿಳಿಯರ ಜೊತೆ ಅವರನ್ನು ಕೂರಿಸಲು ಸೇನೆ ತಯಾರಿರಲಿಲ್ಲ. ಕಪ್ಪು ಜನ ಬುದ್ಧಿಯಲ್ಲೂ ಧೈರ್ಯದಲ್ಲೂ ಹಿಂದೆ ಅಂತ 1925ರಲ್ಲೇ ಸೇನೆಯ ವಾರ್ ಕಾಲೇಜು ವರದಿ ಬರೆದಿಟ್ಟಿತ್ತು. ಕಪ್ಪು ಸಂಘಟನೆಗಳೂ ಪತ್ರಿಕೆಗಳೂ ಒತ್ತಡ ತಂದ ಮೇಲೆ, 1941ರಲ್ಲಿ ತರಬೇತಿ ಶುರುವಾಯಿತು. ಅದಕ್ಕೆ ಬಿದ್ದ ಹೆಸರು ‘ಪ್ರಯೋಗ’.

ಇಂಜಿನಿಯರಿಂಗ್ ಓದಿದ ನನಗೆ ಈ ಪದ ಕಿರಿಕಿರಿ ಮಾಡುತ್ತದೆ. ಬಿಳಿಯ ಹುಡುಗ ವಿಮಾನ ಹಾರಿಸಬಲ್ಲನೇ ಅಂತ ಯಾರೂ ಪ್ರಯೋಗ ಮಾಡಲಿಲ್ಲ. ಅನುಮಾನ ಒಬ್ಬರ ಮೇಲೆ ಮಾತ್ರ ಇದ್ದರೆ ಅದು ಪ್ರಯೋಗವಲ್ಲ, ಪೂರ್ವಗ್ರಹ.

ಮೊದಲ ತಂಡದಲ್ಲಿದ್ದವರು 13 ಮಂದಿ. 1942ರ ಮಾರ್ಚ್‌ನಲ್ಲಿ ಪೈಲಟ್‌ಗಳಾಗಿ ಹೊರಬಂದವರು 5. 1946ರ ಹೊತ್ತಿಗೆ ಆ ಸಂಖ್ಯೆ ಹತ್ತಿರಹತ್ತಿರ ಒಂದು ಸಾವಿರ. ಇಷ್ಟಾದರೂ ಗೋಡೆ ಬೀಳಲಿಲ್ಲ. 1945ರಲ್ಲಿ ಇಂಡಿಯಾನಾದ ಫ್ರೀಮನ್ ಫೀಲ್ಡ್‌ನಲ್ಲಿ, ಅಧಿಕಾರಿಗಳ ಕ್ಲಬ್‌ಗಳನ್ನು ಬಣ್ಣದ ಮೇಲೆ ಬೇರ್ಪಡಿಸುವ ನಿಯಮಕ್ಕೆ ಸಹಿ ಹಾಕಲೊಪ್ಪದ 101 ಕಪ್ಪು ಅಧಿಕಾರಿಗಳನ್ನು ಬಂಧಿಸಲಾಯಿತು. ಸೇನೆಯಲ್ಲಿ ಸಮಾನ ಅವಕಾಶದ ಆದೇಶಕ್ಕೆ ಅಧ್ಯಕ್ಷ ಟ್ರೂಮನ್ ಸಹಿ ಹಾಕಿದ್ದು 1948ರಲ್ಲಿ.

ಈಗ ‘ವೈವಿಧ್ಯತೆ ಬೇಡ, ಪ್ರತಿಭೆ ಸಾಕು’ ಅನ್ನುವವರನ್ನು ನಾನು ಕೇಳುವುದಿಷ್ಟೇ: ಪ್ರತಿಭೆ ಇದ್ದೂ ಬಾಗಿಲಾಚೆ ನಿಂತವರ ಕತೆಯನ್ನು ಪ್ರತಿಭೆಯ ಹೆಸರಲ್ಲೇ ತೆಗೆದುಹಾಕುವುದು ಹೇಗೆ? ಇದು ಯಾರಿಗೋ ಕೊಟ್ಟ ರಿಯಾಯಿತಿಯ ಕತೆಯಲ್ಲ, ವಾಯುಪಡೆಯದೇ ಇತಿಹಾಸ. ಅದನ್ನು ‘ವೈವಿಧ್ಯತೆ’ಯ ಫೈಲಿಗೆ ಸೇರಿಸಿಟ್ಟದ್ದರಿಂದಲೇ ಒಂದು ಆದೇಶಕ್ಕೆ ಅದು ಹಾರಿಹೋಯಿತು.

ಮೋಟನ್ ಫೀಲ್ಡ್ 1998ರಿಂದ ರಾಷ್ಟ್ರೀಯ ಐತಿಹಾಸಿಕ ತಾಣ. ಅಲ್ಲಿ ವೀರರನ್ನು ಹೊಗಳಿ ಕೈತೊಳೆದುಕೊಳ್ಳುವುದು ಸುಲಭ. ಆದರೆ ಅವರಿಗಾಗಿ ಬೇರೆ ಮೈದಾನ ಕಟ್ಟಿದ್ದು ಯಾಕೆ ಅನ್ನುವುದನ್ನೂ ಹೇಳಬೇಕು. ಆ ‘ಯಾಕೆ’ ಬಿಟ್ಟರೆ ವಿಡಿಯೋ ಇದ್ದೂ ಇಲ್ಲದಂತೆ.