ಫೋನಿನಲ್ಲಿ ದೇವರಿಲ್ಲ ಎನ್ನುವವರಿಗೆ

ನಮ್ಮದು ಮಾರೇನಹಳ್ಳಿಯ ಒಂದು ಸಣ್ಣ ಪಾರಾಯಣದ ಗುಂಪು. ಶುಕ್ರವಾರ ಸಂಜೆ ಲಲಿತಾ ಸಹಸ್ರನಾಮ, ಏಕಾದಶಿಗೆ ವಿಷ್ಣು ಸಹಸ್ರನಾಮ, ನಡುನಡುವೆ ದೇವರನಾಮ. 2020ರ ಮಾರ್ಚ್‌ನಲ್ಲಿ ದೇವಸ್ಥಾನಗಳ ಬಾಗಿಲು ಮುಚ್ಚಿದಾಗ ಗುಂಪು ಫೋನಿಗೆ ಹೋಯಿತು. ಜೂನ್ 8ಕ್ಕೆ ಬಾಗಿಲು ತೆರೆಯಿತು, ಫೋನಿನ ಪಾರಾಯಣ ಮಾತ್ರ ನಿಲ್ಲಲಿಲ್ಲ. ಈಗ ತಕರಾರು ಇರುವುದೇ ಅದರ ಮೇಲೆ. ರಾಮನವಮಿಯ ಪಾನಕ, ಕೋಸಂಬರಿ ಹಂಚುವಾಗ ಬಡಾವಣೆಯ ಹಿರಿಯರು ಒಬ್ಬೊಬ್ಬರಾಗಿ ಮಾತೆತ್ತಿದರು. ಕೊರೋನ ಹೋಗಿ ಎಷ್ಟು ಕಾಲವಾಯಿತು, ಇನ್ನೂ ಯಾಕೆ ಈ ಆಟ ಎಂದರು. ಕೈಯಲ್ಲಿ ಪಾನಕದ ಲೋಟ ಹಿಡಿದು ವಾದ ಮಾಡುವುದು ನನಗೆ ಒಗ್ಗದು. ಅದಕ್ಕೇ ಬರೆಯುತ್ತಿದ್ದೇನೆ.

ಅರ್ಚಕರ ಮಾತಿನಿಂದಲೇ ಶುರು ಮಾಡುತ್ತೇನೆ, ಏಕೆಂದರೆ ಎಲ್ಲಕ್ಕಿಂತ ಗಟ್ಟಿಯಾದ ಆಕ್ಷೇಪ ಅವರದೇ. "ಪ್ರಾಣಪ್ರತಿಷ್ಠೆ ಆಗದ ಕಡೆ ಸಾನ್ನಿಧ್ಯ ಎಲ್ಲಿಂದ ಬರುತ್ತಮ್ಮಾ?" ಎಂದರು. ಬರುವುದಿಲ್ಲ. ಗಾಜಿನ ಮೇಲೆ ಕಾಣುವ ಮೂರ್ತಿಗೆ ಅಭಿಷೇಕ ಆಗದು, ಫೋನಿನಿಂದ ತೀರ್ಥ ಅಂಗೈಗೆ ಇಳಿಯದು, ಶಠಾರಿ ತಲೆಗೆ ತಾಗದು. ನಾವು ಫೋನಿನೊಳಗೆ ದೇವಸ್ಥಾನ ಕಟ್ಟಿದ್ದೇವೆ ಎಂದು ಹೇಳಿದ್ದರೆ ಅರ್ಚಕರ ಮಾತು ನಮ್ಮ ಬಾಯಿ ಮುಚ್ಚಿಸುತ್ತಿತ್ತು. ಹಾಗೆಂದು ಯಾರೂ ಹೇಳಿಲ್ಲ. ನಾವು ಮಾಡುತ್ತಿರುವುದು ಪಾರಾಯಣ, ಸತ್ಸಂಗ. ಅದಕ್ಕೆ ಪ್ರತಿಷ್ಠೆ ಆದ ಜಾಗವೇ ಬೇಕೆಂಬ ನಿಯಮ ಯಾವತ್ತೂ ಇರಲಿಲ್ಲ. ಲಾಕ್‌ಡೌನ್‌ಗೆ ಮುಂಚೆ ನಾವು ಸೇರುತ್ತಿದ್ದದ್ದು ಒಬ್ಬರ ಮನೆಯ ಮಹಡಿಯಲ್ಲಿ, ಒಗೆದ ಬಟ್ಟೆ ಒಣಗುವ ತಂತಿಯ ಕೆಳಗೆ. ಆಗ ಅರ್ಚಕರೇ ಬಂದು ಮಂಗಳಾರತಿ ಮಾಡಿ ಹೋಗಿದ್ದುಂಟು.

ಇನ್ನೂ ಹಿಂದೆ ಹೋಗಿ. ಶಂಕರರ ಹೆಸರಿನಲ್ಲಿ ಪ್ರಸಿದ್ಧವಾದ ಶಿವಮಾನಸ ಪೂಜೆಯಲ್ಲಿ ಆಸನ, ಸ್ನಾನ, ನೈವೇದ್ಯ ಎಲ್ಲವೂ ಮನಸ್ಸಿನಲ್ಲೇ ನಡೆಯುತ್ತದೆ; ಹೊರಗೆ ಒಂದು ಹೂವೂ ಇಲ್ಲ. ತಮಿಳಿನ ಪೆರಿಯ ಪುರಾಣದ ಪೂಸಲಾರ್ ಎಂಬ ಬಡ ಭಕ್ತ ಕಲ್ಲಿಗೆ ಕಾಸಿಲ್ಲದೆ ಮನಸ್ಸಿನಲ್ಲೇ ಗುಡಿ ಕಟ್ಟಿ ಕುಂಭಾಭಿಷೇಕದ ದಿನವನ್ನೂ ಗೊತ್ತುಮಾಡಿದ. ಅದೇ ದಿನ ಕಂಚಿಯಲ್ಲಿ ಕಲ್ಲಿನ ದೇವಾಲಯದ ಪ್ರತಿಷ್ಠೆಗೆ ಮುಹೂರ್ತವಿಟ್ಟಿದ್ದ ಪಲ್ಲವ ರಾಜನಿಗೆ ಶಿವ ಕನಸಿನಲ್ಲಿ ಬಂದು, ನಿನ್ನದನ್ನು ಮುಂದಕ್ಕೆ ಹಾಕು, ನನಗೆ ಬೇರೆ ಕಡೆ ಹೋಗುವುದಿದೆ ಎಂದನಂತೆ. ನಮ್ಮ ಕಲ್ಯಾಣದಲ್ಲೇ ಹನ್ನೆರಡನೆಯ ಶತಮಾನದಲ್ಲಿ ಶರಣರು ಗುಡಿಯನ್ನೇ ಬದಿಗಿಟ್ಟು ಇಷ್ಟಲಿಂಗವನ್ನು ಅಂಗೈ ಮೇಲೆ ತಂದುಕೊಂಡರು. ಜಾಗವಿಲ್ಲದೆ ಪೂಜೆಯಿಲ್ಲ ಎಂದು ಕನ್ನಡ ನಾಡಿನಲ್ಲಿ ನಿಂತು ಹೇಳುವುದು ಅಷ್ಟು ಸುಲಭವಲ್ಲ.

ಆಗಮದ ಮಾತು ಬಂತೆಂದರೆ ತಿರುಮಲೆಯನ್ನೂ ನೋಡಬೇಕು. ವೈಖಾನಸ ಆಗಮವನ್ನು ಅಷ್ಟು ಬಿಗಿಯಾಗಿ ನಡೆಸುವ ಆ ಕ್ಷೇತ್ರವೇ 2020ರ ಆಗಸ್ಟ್‌ನಲ್ಲಿ ಕಲ್ಯಾಣೋತ್ಸವವನ್ನು ಆನ್‌ಲೈನ್ ಸೇವೆ ಮಾಡಿತು. ಭಕ್ತರು ಮನೆಯಲ್ಲಿ ಟಿವಿಯ ಮುಂದೆ ಕೂತು ತಮ್ಮ ಗೋತ್ರ, ಹೆಸರು ತಾವೇ ಹೇಳಿಕೊಂಡು ಸಂಕಲ್ಪ ಮಾಡುವುದು. ಅಕ್ಷತೆ, ವಸ್ತ್ರ ಅಂಚೆಯಲ್ಲಿ ಬರುವುದು. ನಮ್ಮ ಮುಜರಾಯಿ ಇಲಾಖೆಯೂ ಅದೇ ವರ್ಷ ಮೇ ತಿಂಗಳಲ್ಲಿ ರಾಜ್ಯದ ದೊಡ್ಡ ದೇವಸ್ಥಾನಗಳಿಗೆ ಆನ್‌ಲೈನ್ ಸೇವೆ ಪ್ರಕಟಿಸಿತು. ಅಲ್ಲಿ ಪೂಜೆ ನಡೆಯುವುದು ಗರ್ಭಗುಡಿಯಲ್ಲೇ, ದೂರದಲ್ಲಿರುವವನು ಭಕ್ತ ಮಾತ್ರ. ನಮ್ಮದು ಅದಕ್ಕಿಂತಲೂ ಸಣ್ಣ ಬೇಡಿಕೆ. ಗರ್ಭಗುಡಿಯ ತಂಟೆಗೇ ನಾವು ಹೋಗಿಲ್ಲ.

ಮಡಿ ಎಲ್ಲಿ, ಮರ್ಯಾದೆ ಎಲ್ಲಿ ಎಂದವರು ರಾಯರು. ಕ್ಯಾಮೆರಾ ಆಫ್ ಮಾಡಿ ಇಡ್ಲಿ ತಿನ್ನುತ್ತಾ ಸಹಸ್ರನಾಮ ಕೇಳುತ್ತಾರಂತೆ. ಇರಬಹುದು. ಬೆಂಗಳೂರು ಆಕಾಶವಾಣಿಯ ಗೀತಾರಾಧನ ಕೇಳುತ್ತಾ ಹಲ್ಲುಜ್ಜಿದ, ಸೊಪ್ಪು ಬಿಡಿಸಿದ ಊರು ಇದು. ಅದರಿಂದ ಯಾವ ದಾಸರಿಗೂ ಅವಮಾನವಾಗಲಿಲ್ಲ. 1987ರ ಜನವರಿಯಲ್ಲಿ ದೂರದರ್ಶನದಲ್ಲಿ ರಾಮಾಯಣ ಶುರುವಾದಾಗ ಇದೇ ಜನ ಭಾನುವಾರ ಬೆಳಿಗ್ಗೆ ತಲೆಗೆ ಸ್ನಾನ ಮಾಡಿ, ಟಿವಿ ಪೆಟ್ಟಿಗೆಗೆ ಹಾರ ಹಾಕಿ, ಊದುಬತ್ತಿ ಹಚ್ಚಿ ಕೂತರು. ಪೆಟ್ಟಿಗೆ ಎದುರಿಗಿದ್ದರೆ ಮಡಿ ಹೋಗುತ್ತದೆ ಎಂಬುದು ಆಗ ಯಾರಿಗೂ ಹೊಳೆದಿರಲಿಲ್ಲ.

ಮಡಿಯ ವಿಷಯದಲ್ಲಿ ರಾಯರಿಗೆ ತಿಳಿಯದ ಸಂಗತಿ ಒಂದಿದೆ, ಗಂಡಸರ ಮುಂದೆ ಯಾರೂ ಅದನ್ನು ಹೇಳುವುದಿಲ್ಲವಾದ್ದರಿಂದ. ಶುರುವಿನ ವಾರಗಳಲ್ಲಿ ಹೆಂಗಸರು ನನಗೆ ಫೋನ್ ಮಾಡಿ ಕೇಳುತ್ತಿದ್ದ ಪ್ರಶ್ನೆ ನೆಟ್‌ವರ್ಕಿನದ್ದಲ್ಲ. "ಅಕ್ಕಾ, ನಾನು ಈ ವಾರ ಹೊರಗೆ. ಸೇರಬಹುದಾ?" ದೇವಸ್ಥಾನಕ್ಕಾದರೆ ಈ ಪ್ರಶ್ನೆಯೇ ಇಲ್ಲ, ಅವರು ಹೋಗುವುದಿಲ್ಲ. ಫೋನಿನಲ್ಲಿ ನಿಯಮ ಯಾರು ಬರೆದಿದ್ದಾರೆ? ನಿಮ್ಮ ಮನಸ್ಸಿಗೆ ಬಂದಂತೆ ಎಂದೆ. ಕೆಲವರು ಬಂದರು, ಕೆಲವರು ಬರಲಿಲ್ಲ, ಬಂದವರು ಯಾರು ಎಂದು ಯಾರಿಗೂ ತಿಳಿಯಲಿಲ್ಲ. ಗಂಡ ತೀರಿಕೊಂಡವರು ಕುಂಕುಮಾರ್ಚನೆಯ ದಿನ ಹಿಂದಿನ ಸಾಲಿಗೆ ಸರಿದು ಕೂರುವ ಕಷ್ಟವೂ ಇಲ್ಲಿ ಇಲ್ಲ. ಪರದೆಯ ಮೇಲೆ ಹಿಂದಿನ ಸಾಲೇ ಇಲ್ಲವಲ್ಲ. ಜಾತಿಯ ಬಗ್ಗೆ ಮಾತ್ರ ಬಡಾಯಿ ಕೊಚ್ಚಲಾರೆ. ಫೋನಿನ ಭಜನೆ ಗುಂಪುಗಳು ಹೆಚ್ಚಿನವು ಒಂದೇ ಜಾತಿಯವರ ವಾಟ್ಸಾಪ್ ಗುಂಪಿನಿಂದ ಹುಟ್ಟಿದವು, ನಮ್ಮದೂ ಅದಕ್ಕೆ ಹೊರತಲ್ಲ.

ಇದೆಲ್ಲ ಪರದೇಶದವರ ಗೊಂಬೆಯಾಟ ಎಂಬ ಮಾತನ್ನು ಎತ್ತಿದವನು ಹಿರಿಯನಲ್ಲ, ಎದುರು ಮನೆಯ ಸಾಫ್ಟ್‌ವೇರ್ ಹುಡುಗ. ಇವತ್ತು ಫೋನು, ನಾಳೆ ಕಣ್ಣಿಗೆ ಕನ್ನಡಕ ಕಟ್ಟಿಕೊಂಡು ಕಾರ್ಟೂನು ದೇಹದಲ್ಲಿ ಪ್ರದಕ್ಷಿಣೆ ಹಾಕುತ್ತೀರಿ ಎಂದು ನಕ್ಕ. ಅವನು ಹೇಳುವ ಲೋಕ ಹೊಸದೇನೂ ಅಲ್ಲ. 2004ರ ಮೇ ತಿಂಗಳಲ್ಲಿ ಬ್ರಿಟನ್ನಿನ ಮೆಥಡಿಸ್ಟ್ ಚರ್ಚಿನ ನೆರವಿನಿಂದ 'ಚರ್ಚ್ ಆಫ್ ಫೂಲ್ಸ್' ಎಂಬ ಮೂರು ಆಯಾಮದ ಚರ್ಚು ಅಂತರ್ಜಾಲದಲ್ಲಿ ತೆರೆಯಿತು. ಕಂಪ್ಯೂಟರಿನ ಗೊಂಬೆ ದೇಹದಲ್ಲಿ ಒಳಗೆ ಹೋಗಿ ಬೆಂಚಿನ ಮೇಲೆ ಕೂರಬಹುದು, ಮೊಣಕಾಲೂರಬಹುದು, ಕೈ ಎತ್ತಿ ಪ್ರಾರ್ಥಿಸಬಹುದು. ಮೊದಲ ಪ್ರವಚನ ಲಂಡನ್ನಿನ ಬಿಷಪ್ಪರದು. ಅಷ್ಟರಲ್ಲೇ ಪುಂಡರೂ ಬಂದರು. ಪ್ರವಚನದ ಪೀಠ ಹತ್ತಿ ಸೈತಾನನಿಗೆ ಜೈಕಾರ ಹಾಕಿದರು, ಬೈದರು. ಕೊನೆಗೆ ಪುಂಡರನ್ನು ಒಂದೇ ಗುಂಡಿ ಒತ್ತಿ ಹೊರಗಟ್ಟುವ ಕಾವಲುಗಾರರನ್ನು ಇಡಬೇಕಾಯಿತು. ಲಾಕ್‌ಡೌನ್ ಕಾಲದಲ್ಲಿ ಲಿಂಕು ಹೊರಗೆ ಹೋದ ಎಷ್ಟೋ ಸತ್ಸಂಗಗಳಿಗೂ ಇದೇ ಗತಿಯಾಯಿತು, ಗುರುತಿಲ್ಲದವರು ನುಗ್ಗಿ ಅಸಹ್ಯ ಚಿತ್ರ ತೋರಿಸಿ ಹೋದರು. ಈಗ ನಾವೂ ಬಾಗಿಲಲ್ಲಿ ಒಬ್ಬರನ್ನು ಕೂರಿಸುತ್ತೇವೆ. ಹೆಸರು ಗೊತ್ತಿದ್ದವರಿಗೆ ಮಾತ್ರ ಒಳಗೆ ಪ್ರವೇಶ.

ಸೆಕೆಂಡ್ ಲೈಫ್ ಎಂಬ ಕಾಲ್ಪನಿಕ ಲೋಕದಲ್ಲಿ ಆಂಗ್ಲಿಕನ್ನರು ಒಂದು ದ್ವೀಪದ ಮೇಲೆ ದೊಡ್ಡ ಕೆಥೆಡ್ರಲ್ ಕಟ್ಟಿದರು. ಪ್ರಾರ್ಥನೆ ನಡೆಯಿತು, ಬೈಬಲ್ ಪಾಠ ನಡೆಯಿತು, ಆದರೆ ರೊಟ್ಟಿ ಮತ್ತು ದ್ರಾಕ್ಷಾರಸದ ಸಂಸ್ಕಾರಕ್ಕೆ ಮಾತ್ರ ಅವರು ಕೈಹಾಕಲಿಲ್ಲ. ವ್ಯಾಟಿಕನ್ 2002ರಲ್ಲೇ ಅಂತರ್ಜಾಲದಲ್ಲಿ ಸಂಸ್ಕಾರಗಳಿಲ್ಲ ಎಂದು ಖಂಡಿತವಾಗಿ ಹೇಳಿತ್ತು, ಹಾಗೆಂದು ಅಂತರ್ಜಾಲವನ್ನು ಬಿಟ್ಟುಬಿಡಿ ಎಂದು ಹೇಳಲಿಲ್ಲ. 2007ರಲ್ಲಿ ಅದೇ ಸೆಕೆಂಡ್ ಲೈಫಿನಲ್ಲಿ ಒಂದು ಮುಸ್ಲಿಂ ಜಾಲತಾಣ ಹಜ್ಜಿನ ವಿಧಿಗಳನ್ನು ಒಂದೊಂದಾಗಿ ನಡೆದು ನೋಡುವಂತೆ ಮೆಕ್ಕಾದ ಮಾದರಿ ಕಟ್ಟಿತು. ಅಲ್ಲಿ ಸುತ್ತಿ ಬಂದವರು ಹಾಜಿಗಳಾಗಲಿಲ್ಲ. ಹೊರಡುವ ಮುಂಚೆ ದಾರಿ ಕಲಿತರು, ಅಷ್ಟೆ. ಮೂರೂ ಕಡೆ ಗೆರೆ ಒಂದೇ ಜಾಗದಲ್ಲಿ ಬಿದ್ದಿದೆ. ಪ್ರಾರ್ಥನೆಗೂ ಕಲಿಕೆಗೂ ಪರದೆ ಸಾಕು, ಸಂಸ್ಕಾರಕ್ಕೆ ಮೈಯೇ ಹೋಗಬೇಕು. ನಮ್ಮ ಅರ್ಚಕರು ಎಳೆಯುವ ಗೆರೆಯೂ ಅದೇ. ಹುಡುಗ ನಗುವ ಮುಂಚೆ ಅವರನ್ನು ಒಂದು ಮಾತು ಕೇಳಬೇಕಿತ್ತು.

ಮಕ್ಕಳು ದೇವಸ್ಥಾನಕ್ಕೆ ಹೋಗುವುದನ್ನೇ ಮರೆಯುತ್ತಾರೆ ಎಂಬ ಭಯಕ್ಕೆ ಹೆಚ್ಚು ಮಾತು ಬೇಡ. 2023ರ ಜೂನ್ 11ರಂದು ಶಕ್ತಿ ಯೋಜನೆ ಶುರುವಾಗಿ ಹೆಂಗಸರಿಗೆ ಸರ್ಕಾರಿ ಬಸ್ಸು ಉಚಿತವಾದ ಮೇಲೆ ಧರ್ಮಸ್ಥಳ, ಕುಕ್ಕೆ, ಮಲೆ ಮಹದೇಶ್ವರ ಬೆಟ್ಟದ ಬಸ್ಸುಗಳಲ್ಲಿ ಕಾಲಿಡಲು ಜಾಗವಿರಲಿಲ್ಲ. ಮೂರು ವರ್ಷ ಫೋನಿನಲ್ಲಿ ದರ್ಶನ ಮಾಡಿದ ಜನವೇ ಅದು. ಅವರಿಗೆ ಕಡಿಮೆಯಾಗಿದ್ದದ್ದು ಭಕ್ತಿಯಲ್ಲ, ಬಸ್ ಚಾರ್ಜು. ರಾಜಾಜಿನಗರದ ಇಸ್ಕಾನ್ ದೇವಸ್ಥಾನದ ಪೂಜೆ ಮನೆಯಲ್ಲೇ ಕೂತು ನೋಡಲು ಸಿಗುತ್ತದೆ. ವೈಕುಂಠ ಏಕಾದಶಿಯ ದಿನ ಅಲ್ಲಿನ ಸಾಲು ಅದರಿಂದ ಒಂದು ಮಾರಾದರೂ ಗಿಡ್ಡವಾಗಿದೆಯೇ, ಹೋಗಿ ನೋಡಿ ಬನ್ನಿ.

ಹಾರ್ಮೋನಿಯಂ ಮೇಷ್ಟ್ರ ದೂರು ಬೇರೆ ತರಹದ್ದು, ಅದರಲ್ಲಿ ಅವರೇ ಗೆದ್ದಿದ್ದಾರೆ. ಭಜನೆ ಎಂದರೆ ಒಕ್ಕೊರಲು, ಫೋನಿನಲ್ಲಿ ಅದಾಗದು ಎಂದರು. ನಿಜಕ್ಕೂ ಆಗದು. ಒಬ್ಬರ ದನಿ ಇನ್ನೊಬ್ಬರನ್ನು ಸುಮಾರು 25–30 ಮಿಲಿಸೆಕೆಂಡಿನೊಳಗೆ ಮುಟ್ಟಿದರಷ್ಟೇ ತಾಳ ಕೂಡುತ್ತದೆ. ವಿಡಿಯೊ ಕರೆಯಲ್ಲಿ ಅದರ ಹಲವು ಪಟ್ಟು ತಡ. ಎಲ್ಲರೂ ಒಟ್ಟಿಗೆ ಬಾಯಿ ಬಿಟ್ಟರೆ ಸಂತೆ. ಸಾಲದ್ದಕ್ಕೆ ತಂಬೂರಿಯ ಶ್ರುತಿಯನ್ನು ಫ್ಯಾನಿನ ಸದ್ದೆಂದು ತಿಳಿದು ಈ ಆಪುಗಳು ನುಂಗಿಬಿಡುತ್ತವೆ, ಆ ಸೆಟ್ಟಿಂಗು ಹುಡುಕಿ ತೆಗೆಯಬೇಕು. ಹಾಗಾಗಿ ಒಬ್ಬರು ಹೇಳುವುದು, ಉಳಿದವರು ಮೈಕು ಮುಚ್ಚಿಕೊಂಡು ತಮ್ಮ ಪಾಡಿಗೆ ಹೇಳಿಕೊಳ್ಳುವುದು. ಒಕ್ಕೊರಲಿನ ಸುಖ ಹೋಯಿತು, ಅದಕ್ಕೆ ಬದಲಿ ಇಲ್ಲ. ಮಹಡಿಯಲ್ಲಿ ಜೋರು ಗಂಟಲಿನ ಮೂವರ ಹಿಂದೆ ಗುನುಗುತ್ತಿದ್ದವರು ಈಗ ಸರದಿಯ ಮೇಲೆ ಒಬ್ಬೊಬ್ಬರೇ ಪೂರ್ತಿ ಸಹಸ್ರನಾಮ ಹೇಳುತ್ತಾರೆ ಎಂಬುದನ್ನೂ ಮೇಷ್ಟ್ರು ಲೆಕ್ಕಕ್ಕೆ ತೆಗೆದುಕೊಳ್ಳಲಿ.

ನನಗೆ ನಿಜವಾಗಿ ಭಯ ಹುಟ್ಟಿಸುವುದು ದುಡ್ಡಿನ ವಿಷಯ. ಪಾನಕದ ದಿನ ಅದನ್ನು ಎತ್ತಿದವರು ಒಬ್ಬರೇ, ಅದೂ ಕೊನೆಯಲ್ಲಿ. 2025ರ ಮಹಾಕುಂಭದಲ್ಲಿ ಒಬ್ಬಾತ ವಾಟ್ಸಾಪಿನಲ್ಲಿ ಫೋಟೊ ಕಳಿಸಿದರೆ ಮುದ್ರಿಸಿ ಸಂಗಮದಲ್ಲಿ ಮುಳುಗಿಸುತ್ತೇನೆ, 1,100 ರೂಪಾಯಿ ಎಂದು ಹೇಳಿದ ವಿಡಿಯೊ ದೇಶವೆಲ್ಲ ಓಡಾಡಿತು. ಅದಾದರೂ ತಮಾಷೆ ಎನ್ನೋಣ. ನಮ್ಮದೇ ಕಲಬುರಗಿ ಜಿಲ್ಲೆಯ ದೇವಲ ಗಾಣಗಾಪುರದ ದತ್ತಾತ್ರೇಯ ಕ್ಷೇತ್ರದ್ದು ತಮಾಷೆಯಲ್ಲ. ದೇವಸ್ಥಾನದ ಹೆಸರಿನಲ್ಲಿ ನಕಲಿ ಜಾಲತಾಣಗಳನ್ನು ತೆರೆದು ಭಕ್ತರ ಸೇವಾಕಾಣಿಕೆಯ ಕೋಟ್ಯಂತರ ರೂಪಾಯಿ ಸ್ವಂತ ಖಾತೆಗೆ ಹಾಕಿಕೊಂಡರೆಂದು ಅಲ್ಲಿನ ಕೆಲವು ಅರ್ಚಕರ ಮೇಲೆ 2022ರಲ್ಲಿ ದೂರು ದಾಖಲಾಯಿತು. ದೂರದ ಭಕ್ತನಿಗೆ ತನ್ನ ಹೆಸರಿನಲ್ಲಿ ಪೂಜೆ ನಡೆಯಿತೋ ಇಲ್ಲವೋ ತಿಳಿಯುವ ದಾರಿಯಿಲ್ಲ. ಹುಂಡಿಗೆ ಹಾಕಿದವನಿಗೆ ಹುಂಡಿಯಾದರೂ ಕಣ್ಣಿಗೆ ಕಾಣುತ್ತದೆ. ವಯಸ್ಸಾದವರು, ಕಾಯಿಲೆಯವರು, ಮಗನ ವೀಸಾಕ್ಕೆ ಹರಕೆ ಹೊತ್ತವರು ಕ್ಯೂಆರ್ ಕೋಡ್ ಕಂಡೊಡನೆ ಕಳಿಸಿಬಿಡುತ್ತಾರೆ.

ಆದ್ದರಿಂದ ಈ ಆಕ್ಷೇಪ ಎತ್ತಿದವರಿಗೆ ನನ್ನ ಉತ್ತರ: ನೀವು ಹೇಳಿದ್ದು ಸರಿ, ಇನ್ನೂ ಜೋರಾಗಿ ಹೇಳಿ. ನಮ್ಮ ಗುಂಪಿನಲ್ಲಿ ದುಡ್ಡಿನ ಮಾತೇ ಎತ್ತಕೂಡದು. ದಕ್ಷಿಣೆ ಇಲ್ಲ, ಅನ್ನದಾನದ ಚಂದಾ ಇಲ್ಲ, ಯಾರದೋ ಮಠಕ್ಕೆ ಕಾಣಿಕೆ ಎಂದು ಲಿಂಕು ಹಾಕಿದರೆ ಅಳಿಸುತ್ತೇವೆ. ಹೀಗೆ ಅಳಿಸಿದ್ದಕ್ಕೆ ಮುನಿಸಿಕೊಂಡು ಹೋದವರೂ ಇದ್ದಾರೆ. ಆದರೆ ಗಾಣಗಾಪುರದ ದೂರು ಪರದೆಯ ಮೇಲಿನ ಸತ್ಸಂಗದ ಮೇಲಲ್ಲ, ದೇವಸ್ಥಾನದ ಸೇವೆಯ ಹೆಸರಿನಲ್ಲಿ ನಡೆದ ವಸೂಲಿಯ ಮೇಲೆ. ಬಾಗಿಲು ಮುಚ್ಚಿಸಬೇಕೆಂದಿದ್ದರೆ ಅಲ್ಲಿಂದ ಶುರು ಮಾಡಿ.

ಕೊನೆಗೆ ಮೇಲಿನ ರಸ್ತೆಯ ಹಿರಿಯರು ಕೇಳಿದ್ದು: "ಸತ್ತರೆ ಹೆಗಲು ಕೊಡೋಕೆ ನಿಮ್ಮ ಫೋನು ಬರುತ್ತೇನಮ್ಮ?" ಮಾತು ಒರಟಾಗಿದೆ, ಪ್ರಶ್ನೆ ನ್ಯಾಯವಾದದ್ದು. 2021ರ ಏಪ್ರಿಲ್, ಮೇ ನೆನಪಿದೆಯಲ್ಲ? ಮಾಗಡಿ ರಸ್ತೆಯ ಸುಮನಹಳ್ಳಿ ಚಿತಾಗಾರದ ಮುಂದೆ ಆಂಬ್ಯುಲೆನ್ಸುಗಳು ಸಾಲುಗಟ್ಟಿದ್ದವು. ಹೆಗಲು ಕೊಡಲು ಆಗ ಯಾರಿಗೂ ಬಿಡಲಿಲ್ಲ, ಸ್ವಂತ ಮಗನಿಗೂ. ಆ ದಿನಗಳಲ್ಲಿ ಆಕ್ಸಿಜನ್ ಸಿಲಿಂಡರ್ ಎಲ್ಲಿದೆ, ಯಾವ ಆಸ್ಪತ್ರೆಯಲ್ಲಿ ಹಾಸಿಗೆ ಇದೆ ಎಂದು ಹುಡುಕಿದ್ದು ಇಂಥ ಗುಂಪುಗಳೇ. ಇಡೀ ಮನೆ ಮಲಗಿದ್ದ ಕಡೆ ಗೇಟಿಗೆ ಸಾರು, ಅನ್ನದ ಡಬ್ಬ ನೇತುಹಾಕಿ ಬಂದದ್ದು ಶುಕ್ರವಾರದ ಪಾರಾಯಣದವರು. ಹಾಗಂತ ಎಲ್ಲ ಫೋನು ಗುಂಪೂ ಹೀಗೆಯೇ ಎನ್ನಲಾರೆ. ನಾವು ಮೊದಲೇ ಒಂದೇ ಬಡಾವಣೆಯವರು, ಒಬ್ಬರ ಗೇಟು ಇನ್ನೊಬ್ಬರಿಗೆ ಗೊತ್ತಿತ್ತು. ಮುಖವನ್ನೇ ನೋಡದ ಸಾವಿರ ಜನರ ಗುಂಪಿನಿಂದ ಸಾರು ಬರುವುದಿಲ್ಲ. ಅದಕ್ಕೇ ನಾವು ಗುಂಪನ್ನು ಬೆಳೆಸಲು ಹೋಗಿಲ್ಲ.

ಇನ್ನೂ ಯಾಕೆ ಎಂದು ಕೇಳಿದಿರಲ್ಲ, ಈಗ ಫೋನಿನಲ್ಲಿ ಉಳಿದಿರುವವರು ಯಾರೆಂದು ಹೇಳುತ್ತೇನೆ. ಮೊಣಕಾಲಿನ ಆಪರೇಷನ್ ಆಗಿ ಮಹಡಿ ಇಳಿಯಲಾಗದವರು. ಮರೆವಿನ ಕಾಯಿಲೆಯ ಅತ್ತೆಯನ್ನು ಒಂದು ಗಂಟೆಯೂ ಬಿಟ್ಟು ಬರಲಾಗದ ಸೊಸೆ. ನ್ಯೂಜೆರ್ಸಿಯಲ್ಲಿ ಬೆಳಿಗ್ಗೆ ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು ನಮ್ಮ ಸಂಜೆಗೆ ಸೇರುವ, ಇಲ್ಲೇ ಹುಟ್ಟಿ ಬೆಳೆದ ಹುಡುಗಿ. ಗಟ್ಟಿಮುಟ್ಟಾಗಿರುವವರೆಲ್ಲ ಆಗಲೇ ಮಹಡಿಗೆ ವಾಪಸು ಬಂದಿದ್ದಾರೆ. ನಡುವೆ ಒಂದು ಫೋನು ನಿಲ್ಲಿಸಿಕೊಂಡು ಓದುತ್ತೇವೆ, ಅಷ್ಟೇ ವ್ಯತ್ಯಾಸ. ಸಾರ್ವಜನಿಕ ಕಟ್ಟಡಗಳಿಗೆ ಅಂಗವಿಕಲರು ಒಳಬರುವ ಅನುಕೂಲ ಇರಬೇಕೆಂದು 2016ರ ಕಾಯ್ದೆ ಹೇಳುತ್ತದೆ. ನಮ್ಮ ಬೀದಿಯ ದೇವಸ್ಥಾನಕ್ಕೆ ಇವತ್ತಿಗೂ ಇಳಿಜಾರಿಲ್ಲ, ಹಿಡಿದುಕೊಂಡು ಹತ್ತಲು ಕಂಬಿಯೂ ಇಲ್ಲ. ಫೋನು ನಿಲ್ಲಿಸಿ ಎನ್ನುವ ಹಿರಿಯರಲ್ಲಿ ಇಬ್ಬರು ಅದರ ಸಮಿತಿಯಲ್ಲೇ ಇದ್ದಾರೆ. ಮುಂದಿನ ಸಭೆಗೆ ಅರ್ಜಿ ಬರೆದು ತರುತ್ತೇನೆ, ಮೊದಲ ಸಹಿ ಅವರೇ ಹಾಕಲಿ.