ಹಾಸಿಗೆ ಇದ್ದಷ್ಟು ಕಾಲು

ಪ್ರೋಗ್ರಾಂ ಚಿಪ್ಪಿನಲ್ಲಿ ಹಿಡಿಸದಿದ್ದರೆ ದೊಡ್ಡ ಚಿಪ್ಪು ಕೊಳ್ಳಿ ಎಂಬುದು ಈಗ ನಮ್ಮ ಅನೇಕ ಇಂಜಿನಿಯರಿಂಗ್ ಮೇಷ್ಟರುಗಳ ಸಿದ್ಧೌಷಧ. ಇದು ಪಾಠವಲ್ಲ, ಅಂಗಡಿಯವನ ಮಾತು ಎಂದರೆ ಅವರಿಗೆ ಸಿಟ್ಟು ಬರುತ್ತದೆ. ಬರಲಿ.

ಕಳೆದ ವರ್ಷ ಒಂದು ಕಾಲೇಜಿನಲ್ಲಿ ಹುಡುಗರ ಪ್ರಾಜೆಕ್ಟು ನೋಡಲು ಹೋಗಿದ್ದೆ. ಟ್ಯಾಂಕಿನ ನೀರಿನ ಮಟ್ಟ ತೋರಿಸಿ, ತುಂಬಿದಾಗ ಪಂಪು ನಿಲ್ಲಿಸುವ ಯಂತ್ರ. ಒಳಗಿದ್ದದ್ದು ಎಟಿಟೈನಿ85, ಪ್ರೋಗ್ರಾಮಿಗೆ 8 ಕಿಲೋಬೈಟು ಜಾಗ. “ಹಿಡಿಸ್ತಿಲ್ಲ ಸಾರ್, ದೊಡ್ಡದು ತರಿಸಿ ಅಂದಿದಾರೆ” ಎಂದ ಹುಡುಗ. ಇಬ್ಬರೂ ಕೂತು ಓದಿದೆವು. 27.4 ಸೆಂಟಿಮೀಟರ್ ಎಂದು ತೋರಿಸಲು ದಶಮಾಂಶದ ಲೆಕ್ಕ ಹಾಕಿದ್ದ. ಎಂಟು ಬಿಟ್ಟಿನ ಈ ಚಿಪ್ಪಿಗೆ ಆ ಲೆಕ್ಕ ತಾನಾಗಿ ಬರದು. ಅದಕ್ಕೊಂದು ಲೈಬ್ರರಿಯೇ ಬಂದು ಜಾಗ ಹಿಡಿಯುತ್ತದೆ. ಮಿಲಿಮೀಟರಿನಲ್ಲಿ 274 ಎಂದಿಟ್ಟುಕೊಂಡು, ತೋರಿಸುವಾಗ ಕೊನೆಯ ಅಂಕಿಗೆ ಮುಂಚೆ ಒಂದು ಚುಕ್ಕೆ ಇಟ್ಟರೆ ಮುಗಿಯಿತು. ಪರದೆಗೆ ಮೂರು ಗಾತ್ರದ ಅಕ್ಷರಮಾಲೆ ತುಂಬಿದ್ದ. ಬೇಕಾದದ್ದು ಹತ್ತು ಅಂಕಿ, ಒಂದು ಚುಕ್ಕೆ. ಒಂದೇ ಕೆಲಸವನ್ನು ನಾಲ್ಕು ಕಡೆ ಬರೆದಿದ್ದ. ಒಂದೇ ಫಂಕ್ಷನ್ನಿಗೆ ತಂದೆವು. ಸಂಜೆಯೊಳಗೆ ಪ್ರೋಗ್ರಾಂ ಹಿಡಿಸಿತು.

ಇನ್ನು ಕೆಲವರದು ಅರೆಜ್ಞಾನ. ಆರ್ಡುಯಿನೊ ಊನೋದಲ್ಲಿ ಸಂದೇಶಗಳಿಗೆ ‘ಎಫ್’ ಎಂಬ ಗುರುತು ಹಾಕಿಬಿಟ್ಟರೆ ಪ್ರೋಗ್ರಾಮಿನ ಭಾರ ಇಳಿಯುತ್ತದೆಂದು ಕಲಿಸುತ್ತಾರೆ. ಅದರಿಂದ ಹಗುರಾಗುವುದು 2 ಕಿಲೋಬೈಟಿನ ರ್‍ಯಾಮ್. ಸಂದೇಶ 32 ಕಿಲೋಬೈಟಿನ ಫ್ಲ್ಯಾಶಿನಲ್ಲಿ ಕೂತೇ ಇರುತ್ತದೆ. ಅಲ್ಲಿ ಜಾಗ ಬೇಕಾದರೆ ಸಂದೇಶವನ್ನೇ ಮೊಟಕು ಮಾಡಬೇಕು. ಯಾವ ಗೋಡೆ ಕುಸಿಯುತ್ತಿದೆ ಎಂದು ನೋಡದೆ ಎಲ್ಲಕ್ಕೂ ಒಂದೇ ಆಸರೆಗಂಬ ಕೊಟ್ಟರೆ ಹೇಗೆ?

ಈಗ ಚಿಪ್ಪು ಅಗ್ಗ, ಮನುಷ್ಯನ ಹೊತ್ತು ದುಬಾರಿ ಎನ್ನುತ್ತಾರೆ. ಒಂದೇ ಯಂತ್ರ ಮಾಡುವವನಿಗೆ ಈ ಮಾತು ಒಪ್ಪಿದೆ. ಇಂಟರ್ನೆಟ್ಟಿಗೆ ಸೇರಿಸಿ ಗುಪ್ತಲಿಪಿಯಲ್ಲಿ ಮಾತಾಡಿಸಬೇಕೆಂದರೂ ದೊಡ್ಡ ಚಿಪ್ಪೇ ಬೇಕು, ತಕರಾರಿಲ್ಲ. ಆದರೆ ಹತ್ತು ಸಾವಿರ ಯಂತ್ರ ಮಾಡುವವನು ಒಂದಕ್ಕೆ ಇಪ್ಪತ್ತು ರೂಪಾಯಿ ಉಳಿಸಿದರೆ ಎರಡು ಲಕ್ಷ. ಅದು ಕೊನೆಗೆ ಕೊಳ್ಳುವ ರೈತನ ಜೇಬಿನ ಲೆಕ್ಕ.

ಅದಕ್ಕಿಂತ ದೊಡ್ಡ ನಷ್ಟ ಬೇರೆ. 1980ರ ಇಂಟೆಲ್ 8051ರಲ್ಲಿ ಪ್ರೋಗ್ರಾಮಿಗೆ 4 ಕಿಲೋಬೈಟು, ರ್‍ಯಾಮ್ 128 ಬೈಟು. ಅದರಲ್ಲಿ ದುಡಿದವರಿಗೆ ತಾವು ಬರೆದ ಪ್ರತಿ ಸಾಲಿನ ತೂಕ ಗೊತ್ತಿತ್ತು. ನಮ್ಮ ಹುಡುಗರಿಗೆ ತಮ್ಮ ಚಿಪ್ಪಿನೊಳಗೆ ಏನು ತುಂಬಿದೆಯೆಂದೇ ಗೊತ್ತಿಲ್ಲ. ಗೊತ್ತಿಲ್ಲದ್ದನ್ನು ನಾಳೆ ಕೆಟ್ಟಾಗ ರಿಪೇರಿ ಮಾಡುವವರು ಯಾರು, ಸ್ವಾಮಿ?